ಮೇಲಿಂದ ಹೊಯ್ದ ನೀರು

ನನ್ನ ಮಗಳ ಬಲಗಾಲು ಮೊಣಕಾಲಿನಿಂದ ಪಾದದವರೆಗೆ ಸುಟ್ಟಿದೆ. ಚರ್ಮ ಈಗ ಕೂಡಿಕೊಂಡಿದೆ. ಆದರೆ ಬೇರೆ ಬಣ್ಣದ್ದು, ಬೇರೆ ಯಾರದೋ ಎಂಬಂತೆ. ಬೆಳಿಗ್ಗೆ ಶಾಲೆಯ ಬಸ್ಸು ಬರುವ ಮುಂಚೆ ಅಲ್ಲಿ ಕೊಬ್ಬರಿ ಎಣ್ಣೆ ಸವರಿ ಕಾಲುಚೀಲ ಹಾಕುತ್ತೇನೆ. “ಡೋಂಟ್ ಪ್ರೆಸ್, ಅವ್ವಾ” ಅನ್ನುತ್ತಾಳೆ. ನಾನು ಒತ್ತುವುದಿಲ್ಲ.

ಈಗ ನಾವಿರುವುದು ಪಿಸ್ಕಾಟವೇ ಎಂಬ ಊರಿನ ಒಂದೇ ಕೋಣೆಯಲ್ಲಿ. ಇಲ್ಲಿ ನಮ್ಮ ಮೇಲೆ ಯಾರೂ ಇಲ್ಲ. ಕುಕ್ಕರ್ ಕೂಗುವುದರೊಳಗೆ ಎಷ್ಟಾಗುತ್ತದೋ ಅಷ್ಟು ಬರೆಯುತ್ತೇನೆ.

ಸಮರ್‌ಸೆಟ್‌ನಲ್ಲಿ ನಮ್ಮದು ಕೆಳಗಿನ ಮನೆಯಾಗಿತ್ತು. ಮೇಲೆ ಮಾಲೀಕರು, ದ್ವಾರಕಾನಾಥ ಅವರು ಮತ್ತು ಅವರ ಹೆಂಡತಿ ಕೌಸಲ್ಯಾ. ಮೈಸೂರು ಕಡೆಯವರು. ದ್ವಾರಕಾನಾಥರದು ಕನ್ಸಲ್ಟಿಂಗ್ ಕಂಪನಿ. ಎರಡು ಸಾವಿರನೇ ಇಸವಿಗೆ ಕಂಪ್ಯೂಟರುಗಳು ಕೆಡದಂತೆ ನೋಡುವ ವೈ ಟೂ ಕೆ ಕೆಲಸಕ್ಕೆಂದು ನನ್ನ ಗಂಡ ಅಮರೇಶ್ವರನನ್ನು ಗುಲಬರ್ಗಾದಿಂದ ಈ ದೇಶಕ್ಕೆ ಕರೆಸಿದ್ದು ಅವರೇ. ವೀಸಾ ಅವರದು. ಸಂಬಳ ಅವರದು. ತಲೆಯ ಮೇಲಿನ ಸೂರೂ ಅವರದು.

ಬಂದ ವಾರವೇ ಕೌಸಲ್ಯಾ ಆಂಟಿ ಕೇಳಿದರು. “ನೀವು ಯಾವ ಪೈಕಿ, ಕಾಶಿಬಾಯಿ?”

“ಸಮಗಾರರು ರೀ. ನಮ್ಮಪ್ಪ ಬಸ್ ಸ್ಟ್ಯಾಂಡಿನ್ಯಾಗ ಚಪ್ಪಲಿ ಹೊಲೀತಿದ್ದ.”

“ಓ. ಅದೆಲ್ಲ ಇಲ್ಲಿ ಯಾರು ನೋಡ್ತಾರೆ ಬಿಡಿ” ಎಂದರು.

ಮರುದಿನದಿಂದ ನನಗೆ ಕಾಫಿ ಪೇಪರ್ ಕಪ್ಪಿನಲ್ಲಿ ಬಂತು. ‘ನೀವು’ ಹೋಗಿ ‘ನೀನು’ ಬಂತು. ಪ್ರಸಾದ ನನ್ನ ಬೊಗಸೆಗೆ ಒಂದು ಗೇಣು ಮೇಲಿಂದ ಬಿತ್ತು. ಪ್ರಸಾದ ಮಾತ್ರವಲ್ಲ. ಬೀಗದ ಕೈ, ಅಂಚೆಯಲ್ಲಿ ಬಂದ ಕಾಗದ, ಅಮರೇಶ್ವರನ ಸಂಬಳದ ಚೆಕ್ಕು, ಎಲ್ಲವೂ ಮೇಲಿಂದಲೇ ಬೀಳುತ್ತಿದ್ದವು. ಗಂಡ ಹೆಂಡತಿ ಇಬ್ಬರದೂ ಒಂದೇ ಅಭ್ಯಾಸ. ಬೆರಳಿಗೆ ಬೆರಳು ತಾಗುತ್ತಿರಲಿಲ್ಲ. ಸಿಟ್ಟಿನಿಂದಲ್ಲ. ನಗುತ್ತಲೇ ಬಿಡುತ್ತಿದ್ದರು.

ವಾರಕ್ಕೊಮ್ಮೆ ನಾನು ಮೇಲೆ ಹೋಗಿ ಅವರ ಬಾತ್‌ರೂಮ್ ತೊಳೆಯುತ್ತಿದ್ದೆ. ಅದಕ್ಕಾಗಿ ಬಾಡಿಗೆಯಲ್ಲಿ ಸ್ವಲ್ಪ ಬಿಟ್ಟಿದ್ದರು. ಕಮೋಡಿನೊಳಗೆ ಮೊಣಕೈವರೆಗೆ ಕೈ ಹಾಕಿ ಉಜ್ಜುತ್ತಿದ್ದೆ. ಬಿಳಿ ಟಬ್ಬಿನೊಳಗೆ ಮಂಡಿಯೂರಿ, ಅಂಚಿಗೆ ಮೆತ್ತಿದ ಅವರ ಮೈಕೊಳೆಯನ್ನು ಉಗುರಿನಿಂದ ಕೆರೆಯುತ್ತಿದ್ದೆ. ಬ್ಲೀಚಿಗೆ ನನ್ನ ಬೆರಳ ತುದಿಗಳು ಬಿರಿದಿದ್ದವು. ಅಲ್ಲಿ ಮುಟ್ಟಲು ನನಗೆ ಅಡ್ಡಿಯಿರಲಿಲ್ಲ.

ಅಲ್ಲಿನ ಹಳೆಯ ಮನೆಗಳನ್ನು ಎಣ್ಣೆ ಉರಿಸಿ ಬಿಸಿ ಮಾಡುತ್ತಾರೆ. ನೆಲಮಾಳಿಗೆಯಲ್ಲಿ ಟ್ಯಾಂಕು, ಪಕ್ಕದಲ್ಲಿ ಬಾಯ್ಲರು. ಎಣ್ಣೆ ಮುಗಿದರೆ ಕೋಣೆಗೆ ಶಾಖವಿಲ್ಲ, ನಲ್ಲಿಗೆ ಬಿಸಿನೀರಿಲ್ಲ. ಮೇಲಿನವರಿಗೊಂದು ಟ್ಯಾಂಕು, ನಮಗೊಂದು. ಎರಡಕ್ಕೂ ಎಣ್ಣೆ ತುಂಬುವ ಪೈಪಿನ ಬಾಯಿಗಳು ಹೊರಗೋಡೆಯಲ್ಲಿ ಅಕ್ಕಪಕ್ಕ ಇದ್ದವು. ಬೇಸಿಗೆಯಲ್ಲೇ ಪೂರ್ತಿ ಹಣ ಕಟ್ಟಿದರೆ ಚಳಿಗಾಲವಿಡೀ ಅದೇ ದರಕ್ಕೆ ಎಣ್ಣೆ ಹಾಕುತ್ತೇವೆ ಎಂದಿತ್ತು ಬ್ರಾಂಡ್‌ವೆಲ್ ಆಯಿಲ್ ಎಂಬ ಕಂಪನಿ. ನಾವು ಕಟ್ಟಿದೆವು. ಸುಪ್ರಿಯಾಳಿಗೆ ಆಗ ಐದು ತುಂಬಿರಲಿಲ್ಲ. ಅವಳಿಗೆ ಚಳಿಯಾಗಬಾರದು, ಅಷ್ಟೇ ನನ್ನ ಲೆಕ್ಕ.

ಎಣ್ಣೆಯ ಟ್ರಕ್ ತರುತ್ತಿದ್ದವನು ಇಮ್ರಾನ್, ಬಿಜಾಪುರದವನು. ನನ್ನ ಮಾತು ಕೇಳಿದ ಮೊದಲ ದಿನವೇ ‘ಅಕ್ಕಾ’ ಎಂದಿದ್ದ. ಬಂದಾಗೆಲ್ಲ ರೊಟ್ಟಿ, ಶೇಂಗಾ ಚಟ್ನಿ ಕೊಡುತ್ತಿದ್ದೆ. ನನ್ನ ಕೈಯಿಂದಲೇ ತೆಗೆದುಕೊಂಡು ಅಲ್ಲೇ ನಿಂತು ತಿನ್ನುತ್ತಿದ್ದ. ಸುಪ್ರಿಯಾ ಆ ಟ್ರಕ್ಕಿನ ನಂಬರ್ ಪ್ಲೇಟ್ ಓದುತ್ತಲೇ ಇಂಗ್ಲಿಷ್ ಅಕ್ಷರ ಕಲಿತಳು. ಕಿಟಕಿಯಲ್ಲಿ ನಿಂತು ಹಾಡಿನಂತೆ ಹೇಳುತ್ತಿದ್ದಳು.

ಹೊಸ ಇಸವಿ ಬಂತು. ಕಂಪ್ಯೂಟರುಗಳು ಕೆಡಲಿಲ್ಲ. ಅಮರೇಶ್ವರನ ಕೆಲಸ ಮುಗಿಯಿತು. ದ್ವಾರಕಾನಾಥರು ಅವನನ್ನು ಬೆಂಚಿನ ಮೇಲೆ ಕೂರಿಸಿದರು. ಅಂದರೆ ಕೆಲಸವೂ ಇಲ್ಲ, ಸಂಬಳವೂ ಇಲ್ಲ, ಬಿಟ್ಟು ಹೋಗುವ ಹಾಗೂ ಇಲ್ಲ. ಅದೇ ಜನವರಿಯಲ್ಲಿ ಎಣ್ಣೆಯ ಬೆಲೆ ಒಮ್ಮೆಲೇ ಏರಿತು. ಬ್ರಾಂಡ್‌ವೆಲ್‌ನವರು ಬರುವುದನ್ನು ನಿಲ್ಲಿಸಿದರು. ಫೋನ್ ಮಾಡಿದರೆ ‘ನಾಳೆ’. ಮರುದಿನ ಮಾಡಿದರೂ ‘ನಾಳೆ’.

ಟ್ಯಾಂಕು ಬರಿದಾಯಿತು. ಕಿಟಕಿಯ ಒಳಮೈಗೆ ಹಿಮ ಕಟ್ಟಿತು. ಒಲೆಯ ಓವನ್ ಬಾಗಿಲು ತೆರೆದಿಟ್ಟು ಅದರ ಮುಂದೆ ಮೂವರೂ ಒಂದೇ ರಜಾಯಿಯೊಳಗೆ ಕೂತೆವು. ಹಗಲೂ ರಾತ್ರಿಯೂ ಉರಿಸಿದ್ದಕ್ಕೆ ಒಲೆಯೂ ಸುಟ್ಟುಹೋಯಿತು. ಸುಪ್ರಿಯಾಳ ತುಟಿ ನೇರಳೆಯಾಯಿತು. ಅವಳ ಪಾದಗಳನ್ನು ನನ್ನ ಹೊಟ್ಟೆಗೆ ಒತ್ತಿಕೊಂಡು ಬೆಳಗು ಮಾಡಿದೆ.

ಅಂದು ಸಂಕ್ರಾಂತಿ. ಅಮರೇಶ್ವರ ಸಾಲ ಕೇಳಲು ಹೊರಗೆ ಹೋಗಿದ್ದ. ಬೆಳಿಗ್ಗೆ ಅಂಗಳದಲ್ಲಿ ಟ್ರಕ್ಕಿನ ಸದ್ದು ಕೇಳಿತು. ನಮಗೇ ಬಂತು ಅಂದುಕೊಂಡೆ. ಇನ್ನೇನು ಬಿಸಿನೀರು ಬರುತ್ತದೆ ಎಂದು, ಹಬ್ಬದ ಜಳಕಕ್ಕೆ ಅರೆದಿಟ್ಟ ಎಳ್ಳನ್ನು ಮಗುವಿನ ಮೈಗೆ, ಕೂದಲಿಗೆ ಹಚ್ಚಿ ಹೊರಗೆ ಓಡಿದೆ. ಕೋಟು ಹಾಕಲಿಲ್ಲ. ಚಪ್ಪಲಿ ಮೆಟ್ಟಲಿಲ್ಲ.

ಇಮ್ರಾನ್ ಮೇಲಿನವರ ಪೈಪಿಗೆ ಎಣ್ಣೆ ಬಿಡುತ್ತಿದ್ದ. ನಮ್ಮ ಪೈಪು ಅದರಿಂದ ಒಂದು ಮೊಳ ದೂರ.

“ಇದು ಮುಗಿದ ಮ್ಯಾಲ ನಮಗ ಹಾಕಪಾ” ಅಂದೆ.

ಅವನು ನನ್ನ ಮುಖ ನೋಡಲಿಲ್ಲ. “ಮೊದಲೇ ರೊಕ್ಕ ಕಟ್ಟಿದವ್ರಿಗಿ ಹಾಕಬ್ಯಾಡ ಅಂದಾರ ಅಕ್ಕಾ. ಇವತ್ತಿನ ರೇಟು ಕೊಟ್ಟವ್ರಿಗಷ್ಟೇ.”

“ಹುಡುಗಿ ನೀಲಿ ಆಗ್ಯಾಳೋ.”

“ನನ್ನ ಕೆಲಸ ಹೋಗ್ತದ.”

ಅವನು ಟ್ರಕ್ಕಿನ ಪೈಪು ಬಿಚ್ಚಿದ. ನಾನು ಅದರ ಹಿತ್ತಾಳೆಯ ತುದಿಯನ್ನು ಎರಡೂ ಕೈಯಿಂದ ಹಿಡಿದೆ. ಅವನು ಎಳೆದ. ನಾನು ಬಿಡಲಿಲ್ಲ. ಹೆಪ್ಪುಗಟ್ಟಿದ ಲೋಹಕ್ಕೆ ನನ್ನ ಅಂಗೈ ಅಂಟಿಕೊಂಡಿತ್ತು. ಮತ್ತೆ ಎಳೆದ. ಅಂಗೈಯ ಚರ್ಮ ಪೈಪಿನ ಜೊತೆ ಹೋಯಿತು. ಹಿಮದ ಮೇಲೆ ರಕ್ತ ಬಿತ್ತು. ನಾನು ಹೋಗಿ ಟ್ರಕ್ಕಿನ ಮುಂದೆ ನಿಂತೆ. ಅವನು ಅಳುತ್ತಿದ್ದ. ಅಳುತ್ತಲೇ ಟ್ರಕ್ಕನ್ನು ಹಿಂದೆ ತೆಗೆದು ನನ್ನ ಪಕ್ಕದಿಂದ ಹೋಗಿಬಿಟ್ಟ.

ಮೈಗೆ ಎಳ್ಳು ಮೆತ್ತಿದ ಮಗು ಗಡಗಡ ನಡುಗುತ್ತಿತ್ತು. ಕಂಬಳಿ ಸುತ್ತಿ, ಹಿಂದಿನ ಮೆಟ್ಟಿಲು ಹತ್ತಿ ಮೇಲಿನ ಬಾಗಿಲು ಬಡಿದೆ. ಅಂಗೈಗೆ ಸೆರಗು ಸುತ್ತಿಕೊಂಡಿದ್ದೆ.

“ಆಂಟಿ, ಹುಡುಗಿಗಿ ನಿಮ್ಮ ಬಾತ್‌ರೂಮಿನ್ಯಾಗ ಒಂದು ಜಳಕ ಮಾಡಿಸ್ತೀನ್ರಿ.”

ಒಳಗಿನಿಂದ ಬೆಚ್ಚನೆಯ ಗಾಳಿ ನನ್ನ ಮುಖಕ್ಕೆ ಬಡಿಯಿತು. ಕೌಸಲ್ಯಾ ಆಂಟಿ ಬಾಗಿಲನ್ನು ಅರ್ಧ ಹಿಡಿದು ನಿಂತರು. “ಇವತ್ತು ಹಬ್ಬ ಅಲ್ವಾ ಕಾಶಿ? ದೇವರ ಕೋಣೆ ಪಕ್ಕದಲ್ಲೇ ಇದೆ. ಬೇಜಾರು ಮಾಡ್ಕೋಬೇಡ. ನೀರು ಬೇಕಾದ್ರೆ ಕಾಯಿಸಿ ಕೊಡ್ತೀನಿ, ಬಕೆಟ್ ತಗೊಂಡ್ಬಾ.”

ನಾನು ಉಜ್ಜುವ ಟಬ್ಬು. ನನ್ನ ಮಗಳಿಗೆ ಇಲ್ಲ. ಆದರೂ ಬಕೆಟ್ ತಂದೆ. ಮಗು ನಡುಗುತ್ತಿತ್ತು, ತಂದೆ.

ಅವರು ದೊಡ್ಡ ಪಾತ್ರೆಯಲ್ಲಿ ಕುದಿಯುವ ನೀರು ತಂದು ಮೇಲಿನ ಮೆಟ್ಟಿಲ ಮೇಲೆ ನಿಂತರು. ನಾನು ಎರಡು ಮೆಟ್ಟಿಲು ಕೆಳಗಿದ್ದೆ. ಸುಪ್ರಿಯಾ ನನ್ನ ಸೀರೆ ಹಿಡಿದು ಪಕ್ಕದಲ್ಲಿದ್ದಳು.

“ಪಾತ್ರೆ ಕೆಳಗಿಡ್ರಿ ಆಂಟಿ. ನಾನೇ ತಗೋತೀನಿ.”

“ಪಾತ್ರೆ ದೇವರ ಅಡುಗೆದು ಕಣೆ. ನೀನು ಬಕೆಟ್ ಹಿಡ್ಕೋ ಸಾಕು, ನಾನು ಹಾಕ್ತೀನಿ.”

ಮೇಲಿಂದ ಹೊಯ್ದರು. ಎಂದಿನಂತೆ, ನನಗೆ ತಾಗದಷ್ಟು ಎತ್ತರದಿಂದ. ಹಬೆಗೆ ನನ್ನ ಕಣ್ಣು ಮುಚ್ಚಿತು. ಗಾಳಿ ಬೀಸಿತು. ನೀರು ಬಕೆಟ್ಟಿನ ಅಂಚಿಗೆ ಬಡಿದು ಹೊರಗೆ ಸಿಡಿಯಿತು.

ಆ ಕೂಗನ್ನು ಬರೆಯಲು ನನಗೆ ಬರುವುದಿಲ್ಲ.

ಚಳಿಗೆ ಬಿಚ್ಚದೆ ಬಿಟ್ಟಿದ್ದ ಅವಳ ಮೊಣಕಾಲುದ್ದದ ಉಣ್ಣೆಯ ಕಾಲುಚೀಲ ಹಬೆಯಾಡುತ್ತಿತ್ತು. ಎಳೆದೆ. ಕಾಲುಚೀಲದ ಜೊತೆ ಚರ್ಮವೂ ಬಂತು. ನನ್ನ ಅಂಗೈಯ ರಕ್ತ, ಅವಳ ಕಾಲಿನ ನೀರು, ಎಳ್ಳು, ಎಲ್ಲ ಒಂದಾಯಿತು. ಕೌಸಲ್ಯಾ ಆಂಟಿ “ಅಯ್ಯೋ ದೇವರೇ” ಎನ್ನುತ್ತ ಪಾತ್ರೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಆ ಎರಡು ಮೆಟ್ಟಿಲು ಇಳಿದು ಬರಲಿಲ್ಲ.

ಇಲ್ಲಿ ಕುಕ್ಕರ್ ಕೂಗಿತು. ಎದ್ದು ಹೋಗಿ ಬಂದೆ.

ಸಮರ್‌ವಿಲ್‌ನ ಜಿಲ್ಲಾ ಕೋರ್ಟಿನಲ್ಲಿ ಬಡವರೂ ವಕೀಲರಿಲ್ಲದೆ ಸಣ್ಣ ದಾವೆ ಹಾಕಬಹುದು ಎಂದು ಆಸ್ಪತ್ರೆಯ ನರ್ಸ್ ಒಬ್ಬಳು ಹೇಳಿದಳು. ಬ್ರಾಂಡ್‌ವೆಲ್ ಮೇಲೆ ದಾವೆ ಹಾಕಿದೆ. ನನ್ನ ಹರಕು ಇಂಗ್ಲಿಷಿನಲ್ಲಿ ನಾನೇ ಮಾತಾಡಿದೆ. ಹಣ ಕಟ್ಟಿದೆ, ಎಣ್ಣೆ ಬರಲಿಲ್ಲ. ನ್ಯಾಯಾಧೀಶೆ ಕೇಳಿಸಿಕೊಂಡರು. ಕಂಪನಿ ಹಣ ಹಿಂತಿರುಗಿಸಬೇಕು ಎಂದು ತೀರ್ಪು ಕೊಟ್ಟರು. ನಾನು ಮಗುವಿನ ಕಾಲು ತೋರಿಸಲು ಹೋದೆ. “ಮೇಡಂ, ಇಲ್ಲಿ ಎಣ್ಣೆಯ ಮಾತು ಮಾತ್ರ” ಎಂದರು. ಮೆತ್ತಗೇ ಹೇಳಿದರು. ಮೇಲಿಂದ ನೀರು ಹೊಯ್ಯುವುದಕ್ಕೆ ಯಾವ ಕೋರ್ಟು ಎಂದು ನಾನು ಯಾರನ್ನು ಕೇಳಲಿ? ಒಂದು ತೀರ್ಪು ನನ್ನ ಕಡೆ ಇತ್ತು. ಅದನ್ನು ಪೂರ್ತಿ ವಸೂಲು ಮಾಡಿಯೇ ತೀರುತ್ತೇನೆ ಎಂದುಕೊಂಡೆ.

ಹಣ ಬರಲಿಲ್ಲ. ಟ್ರೈಕ್ರೆಸ್ಟ್ ಎನರ್ಜಿ ಎಂಬ ದೊಡ್ಡ ಕಂಪನಿ ಬ್ರಾಂಡ್‌ವೆಲ್ಲನ್ನು ನುಂಗಿತ್ತು. ಫೋನ್ ಮಾಡಿದರೆ, “ಬ್ರಾಂಡ್‌ವೆಲ್ ಎಂಬುದು ಈಗ ಇಲ್ಲ. ನಿಮ್ಮ ತೀರ್ಪಿನಲ್ಲಿ ನಮ್ಮ ಹೆಸರಿಲ್ಲ” ಎಂದರು. ಕೋರ್ಟಿನ ವಸೂಲಿ ಆಫೀಸರ್ ಬ್ರಾಂಡ್‌ವೆಲ್ಲಿನ ಬ್ಯಾಂಕ್ ಖಾತೆ ನೋಡಿದ. ಖಾಲಿ. ನಾನು ಬಸ್ಸು ಬದಲಿಸಿಕೊಂಡು ಟ್ರೈಕ್ರೆಸ್ಟಿನ ಆಫೀಸಿಗೇ ಹೋದೆ. ಕಾವಲಿನವನು ಬೆನ್ನಿಗೆ ಕೈಯಿಟ್ಟು ಹೊರಗೆ ತಳ್ಳಿದ. ಬಾಗಿಲು ಹಿಡಿದುಕೊಂಡೆ. ಗಾಜಿನ ಬಾಗಿಲನ್ನು ನನ್ನ ಬೆರಳ ಮೇಲೆಯೇ ಹಾಕಿದ. ಉಗುರು ಕಪ್ಪಾಗಿ ಕಳಚಿ ಬಿತ್ತು. ಮನೆಗೆ ಬಂದು ಅದೇ ಕೈಯಲ್ಲಿ ಹಿಟ್ಟು ನಾದಿದೆ.

ಅಷ್ಟರಲ್ಲಿ ದ್ವಾರಕಾನಾಥರಿಗೆ ಟ್ರೈಕ್ರೆಸ್ಟಿನ ಕಂಟ್ರ್ಯಾಕ್ಟ್ ಸಿಕ್ಕಿತು. ಎರಡೂ ಕಂಪನಿಗಳ ಕಂಪ್ಯೂಟರುಗಳನ್ನು ಒಂದು ಮಾಡುವ ಕೆಲಸ. ಅಮರೇಶ್ವರನನ್ನು ಬೆಂಚಿನಿಂದ ಎಬ್ಬಿಸಿ ಅಲ್ಲಿಗೇ ಹಾಕಿದರು. ಆಮೇಲೆ ನಮ್ಮ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ ಹೇಳಿದರು.

“ಏನಮ್ಮ ಇದು ಕೋರ್ಟು ಗೀರ್ಟು ಅಂತ? ನನ್ನ ಕ್ಲೈಂಟ್ ಅವರು. ಡ್ರಾಪ್ ಮಾಡಿಬಿಡು. ನಿನ್ನ ಗಂಡನ ವೀಸಾ ರಿನ್ಯೂವಲ್ ನನ್ನ ಟೇಬಲ್ ಮೇಲೇ ಇದೆ, ನೆನಪಿರಲಿ.”

ಅವರು ಹೋದ ಮೇಲೆ ಅಮರೇಶ್ವರ ಕೈ ಮುಗಿದ. “ಬಿಟ್ಟುಬಿಡ. ವೀಸಾ ಹೋದ್ರ ಎಲ್ಲಿಗಿ ಹೋಗೂಣು?”

“ಆಕಿ ಕಾಲಿಗಿ ಎಣ್ಣಿ ಹಚ್ಚಾಂವ ನೀನಲ್ಲ. ನಾನು.”

ಅನ್ನದ ತಟ್ಟೆ ಎತ್ತಿ ಗೋಡೆಗೆ ಹೊಡೆದ. ಚೂರು ಸಿಡಿದು ಅವನದೇ ಹಣೆಗೆ ಬಡಿಯಿತು. ಸುಪ್ರಿಯಾ ಕುಂಟುತ್ತ ಬಂದು ಗೋಡೆಯ ಅನ್ನವನ್ನು ಬೆರಳಿನಿಂದ ಬಿಡಿಸಿದಳು. “ಇಟ್ಸ್ ಓಕೆ ಅಪ್ಪಾ, ಐ ವಿಲ್ ಕ್ಲೀನ್.” ಅವನು ಮುಖ ಮುಚ್ಚಿಕೊಂಡು ನೆಲದ ಮೇಲೆ ಕೂತ. ಆಮೇಲೆ ಕೋರ್ಟಿಗೆ ನನ್ನನ್ನು ಡ್ರೈವ್ ಮಾಡಿಕೊಂಡು ಹೋದವನು ಅವನೇ.

ಮತ್ತೆ ಚಳಿಗಾಲ ಬಂತು. ನಮ್ಮ ಬೀದಿಯಲ್ಲಿ ಹಸಿರು ಟ್ರಕ್ಕೊಂದು ಹೋಯಿತು. ಮೈಮೇಲೆ ಟ್ರೈಕ್ರೆಸ್ಟ್ ಎಂದು ಹೊಸ ಬಣ್ಣ. ಕಿಟಕಿಯಲ್ಲಿದ್ದ ಸುಪ್ರಿಯಾ ನಂಬರ್ ಪ್ಲೇಟನ್ನು ಹಾಡಿನಂತೆ ಹೇಳಿದಳು. ಅದೇ ಹಳೆಯ ಹಾಡು. ನನ್ನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಬಣ್ಣ ಬದಲಾಗಿತ್ತು. ಟ್ರಕ್ಕು ಅದೇ.

ನಂಬರನ್ನು ವಸೂಲಿ ಆಫೀಸರಿಗೆ ಕೊಟ್ಟೆ. ಅವನು ಮೋಟಾರು ಇಲಾಖೆಯಲ್ಲಿ ವಿಚಾರಿಸಿದ. ಟ್ರಕ್ಕು ಇನ್ನೂ ಬ್ರಾಂಡ್‌ವೆಲ್ ಹೆಸರಿನಲ್ಲೇ ಇತ್ತು. ಬಣ್ಣ ಬಳಿಯುವ ಅವಸರದಲ್ಲಿ ಹೆಸರು ಬದಲಿಸುವುದನ್ನು ಮರೆತಿದ್ದರು. “ಹಾಗಾದರೆ ಅದನ್ನು ಜಪ್ತಿ ಮಾಡಬಹುದು. ಟ್ರಕ್ಕನ್ನು ಗುರುತಿಸಲು ನೀವೂ ಬನ್ನಿ” ಎಂದ.

ಟ್ರಕ್ಕುಗಳು ನಿಲ್ಲುವ ಯಾರ್ಡು ಪಿಸ್ಕಾಟವೇಯಲ್ಲಿ, ಟ್ರೈಕ್ರೆಸ್ಟಿನ ಆಫೀಸಿನ ಪಕ್ಕದಲ್ಲೇ ಇತ್ತು. ನೆಲದ ತುಂಬ ಎಣ್ಣೆ ಬೆರೆತ ಕರಿ ಹಿಮ. ಟ್ರಕ್ಕು ಹೊರಡಲು ಸಿದ್ಧವಾಗಿ ಗುರುಗುಟ್ಟುತ್ತಿತ್ತು. ಒಳಗೆ ಕೂತವನು ಇಮ್ರಾನ್. ನನ್ನನ್ನು ನೋಡಿ ಅವನ ಮುಖ ಬಿಳಿಚಿತು. ಆಫೀಸರ್ ಟ್ರಕ್ಕಿನ ಬಾಗಿಲಿಗೆ ಕೋರ್ಟಿನ ಕೆಂಪು ಚೀಟಿ ಅಂಟಿಸಿದ. ಮ್ಯಾನೇಜರ್ ಓಡಿಬಂದ. ಎತ್ತರದ ಬಿಳಿಯ. ಚೀಟಿ ಕಿತ್ತು ಹಿಮಕ್ಕೆ ಎಸೆದ. ಕಿತ್ತರೆ ಅಪರಾಧವಾಗುತ್ತದೆ ಎಂದು ಆಫೀಸರ್ ಹೇಳುತ್ತಿದ್ದಂತೆಯೇ ಮ್ಯಾನೇಜರ್ ಟ್ರಕ್ಕಿನ ಬಾಗಿಲು ಗುದ್ದಿ ಕೂಗಿದ. “ಹೋಗು! ಮನೆಗಳು ಕಾಯುತ್ತಿವೆ! ಹೋಗು!”

ನಾನು ಟ್ರಕ್ಕಿನ ಮುಂದೆ ಹೋಗಿ ನಿಂತೆ.

“ಆ ಹೆಂಗಸು ತಾನೇ ಸರಿಯುತ್ತಾಳೆ! ಹೋಗು!”

ಟ್ರಕ್ಕು ಅಲುಗಿತು. ಹಿಂದೆ ತೆಗೆಯಲು ಇಲ್ಲಿ ಜಾಗವಿರಲಿಲ್ಲ, ಹಿಂದೆ ಗೋಡೆ. ಪಕ್ಕದಿಂದ ಹೋಗಲು ಜಾಗವಿರಲಿಲ್ಲ, ಎರಡೂ ಕಡೆ ಟ್ಯಾಂಕು. ಮುಂದೆ ನಾನು.

ಬಂಪರು ನನ್ನ ಸೊಂಟಕ್ಕೆ ಬಡಿಯಿತು. ಕೆಳಗೆ ಬಿದ್ದೆ. ತುಟಿ ಒಡೆದು ಬಾಯಿಗೆ ಎಣ್ಣೆ, ಮಣ್ಣು, ಹಿಮ ಹೋಯಿತು. ಕಿವಿಯ ಪಕ್ಕ ಚಕ್ರ. ಕೈಯಿಂದ ಬಾಯಿ ಒರೆಸಿಕೊಂಡು, ಬಂಪರನ್ನೇ ಹಿಡಿದು ಎದ್ದೆ. ಒಂದು ಕಾಲು ನಿಲ್ಲುತ್ತಿರಲಿಲ್ಲ. ಇನ್ನೊಂದರ ಮೇಲೆ ನಿಂತೆ. ಗಾಯದ ಗುರುತಿನ ಎರಡೂ ಅಂಗೈಗಳನ್ನು ಅವನ ಮುಂದಿನ ಗಾಜಿಗೆ ಕಾಣುವಂತೆ ಎತ್ತಿದೆ.

“ಹಾಯಿಸೋ ಇಮ್ರಾನ್! ಅವತ್ತು ಪಕ್ಕದಿಂದ ಹ್ವಾದಿ. ಇವತ್ತು ಮ್ಯಾಲೇ ಹಾಯಿಸಿ ಹೋಗು!”

ಎಂಜಿನ್ ನಿಂತಿತು. ಇಮ್ರಾನ್ ಇಳಿದ. ಹಿಮದಲ್ಲಿ ನನ್ನ ಮುಂದೆ ಮಂಡಿಯೂರಿದ. ಕೀಲಿಕೈಯನ್ನು ನನ್ನ ಅಂಗೈಗೆ ಒತ್ತಿ, ಆ ಕೈಯನ್ನು ತನ್ನ ಹಣೆಗೆ ಹಚ್ಚಿಕೊಂಡ. “ಎರಡು ಸಲ ಆಗಂಗಿಲ್ಲ ಅಕ್ಕಾ. ಎರಡು ಸಲ ಆಗಂಗಿಲ್ಲ.” ಮ್ಯಾನೇಜರ್ ಅವನ ಪಕ್ಕೆಗೆ ಬೂಟಿನಿಂದ ಒದ್ದ. ಆಫೀಸರ್ ನಡುವೆ ನುಗ್ಗಿ ಮ್ಯಾನೇಜರನ ತೋಳು ತಿರುಚಿ ಟ್ರಕ್ಕಿಗೆ ಒತ್ತಿ ಹಿಡಿದ. “ಇನ್ನೊಂದು ಮಾತಾಡಿದರೆ ಪೊಲೀಸ್. ಇವತ್ತೇ ಈ ಟ್ರಕ್ಕನ್ನು ಎಳೆಸಿಕೊಂಡು ಹೋಗಿ ಹರಾಜು ಹಾಕಿಸುತ್ತೇನೆ. ಇಲ್ಲ, ತೀರ್ಪಿನ ಹಣ ಈಗಲೇ ಕೊಡಿ. ಆಕೆ ಸಿಕ್ಕಿತು ಅಂದರೆ ನಾನು ಹೊರಡುತ್ತೇನೆ.”

ಎಣ್ಣೆ ತುಂಬಿದ ಟ್ರಕ್ಕು ಅದು. ಮ್ಯಾನೇಜರ್ ಒಳಗೆ ಫೋನ್ ಮಾಡಿದ. ಚೆಕ್ಕು ಹಿಡಿದು ಹೊರಗೆ ಬಂದವರು, ಒಳಗೆ ಕಂಪ್ಯೂಟರ್ ಕೆಲಸ ನೋಡುತ್ತಿದ್ದ ದ್ವಾರಕಾನಾಥರು. ‘ನಿಮ್ಮ ಜನದವಳು, ನೀನೇ ಮಾತಾಡು’ ಎಂದು ಟ್ರೈಕ್ರೆಸ್ಟಿನವರು ಅವರನ್ನು ಕಳಿಸಿದ್ದರು. ಒಳ್ಳೆಯ ಉಣ್ಣೆಯ ಕೋಟು, ಕೈಯಲ್ಲಿ ಹವಳದ ಉಂಗುರ.

“ಎಷ್ಟು ಮರ್ಯಾದೆ ಕಳೀತೀಯಮ್ಮ ನಮ್ಮ ಜನದ್ದು? ಗಂಡ ಇಲ್ಲೇ ಒಳಗೆ ಕೂತು ಕೆಲಸ ಮಾಡ್ತಿದಾನೆ. ಈ ತಿಂಗಳೇ ಮನೆ ಖಾಲಿ ಮಾಡಿ. ತಗೋ.”

ನಾನು ಕೈ ನೀಡಿದೆ. ಅವರು ಚೆಕ್ಕನ್ನು ಮೇಲೆ ಹಿಡಿದು ಬಿಟ್ಟರು.

ಒಂದು ಗೇಣು ಮೇಲಿಂದ.

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಚೆಕ್ಕು ಕರಿ ಹಿಮದ ಮೇಲೆ ಬಿತ್ತು.

“ಸಿಕ್ಕಿತೇ, ಮೇಡಂ?” ಆಫೀಸರ್ ಕೇಳಿದ.

“ನೋ” ಅಂದೆ.

“ಬಿದ್ದಿದೆ ನೋಡು, ತಗೋ” ಎಂದರು ದ್ವಾರಕಾನಾಥರು.

“ಕೈಗಿ ಕೊಡ್ರಿ.”

“ಹುಚ್ಚು ಹಿಡಿದಿದ್ಯಾ? ಬಗ್ಗಿ ಎತ್ಕೋ.”

“ಬಗ್ಗಿ ನಿಮ್ಮ ಟಬ್ಬು ತೊಳೆದೀನಿ. ಇನ್ನ ಬಗ್ಗಂಗಿಲ್ಲ. ಕೈಗಿ ಕೊಡ್ರಿ.”

ಮ್ಯಾನೇಜರನಿಗೆ ಏನೂ ಅರ್ಥವಾಗಲಿಲ್ಲ. “ಆಕೆಯ ಕೈಗೆ ಕೊಟ್ಟುಬಿಡು! ಅದರಲ್ಲಿ ಏನು ಕಷ್ಟ?” ಎಂದು ದ್ವಾರಕಾನಾಥರ ಮೇಲೆ ಅರಚಿದ. ಆ ಕಷ್ಟವನ್ನು ಇಂಗ್ಲಿಷಿನಲ್ಲಿ ಹೇಳಲು ಅವರ ಬಾಯಿ ತೆರೆಯಲಿಲ್ಲ. ಕೆಂಪಗಾದರು. ಕೋಟಿನ ಅಂಚು ಎತ್ತಿಕೊಂಡು ಬಗ್ಗಿದರು. ಚೆಕ್ಕಿನ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು ದೂರದಿಂದ ಚಾಚಿದರು.

ನಾನು ಚೆಕ್ಕು ಹಿಡಿಯಲಿಲ್ಲ. ಕೈ ಹಿಡಿದೆ.

ಅವನು ಎಳೆದುಕೊಂಡ. ನಾನು ಬಿಡಲಿಲ್ಲ. ಬಿಡದೆ ಹಿಡಿಯುವುದನ್ನು ಹೆಪ್ಪುಗಟ್ಟಿದ ಲೋಹ ನನಗೆ ಕಲಿಸಿತ್ತು. ಅವನ ಮೆತ್ತನೆಯ ಅಂಗೈಗೆ ನನ್ನ ಸುಕ್ಕುಗಟ್ಟಿದ ಗಾಯ ತಾಗಿತು. ನನ್ನ ಬಾಯಿಯ ರಕ್ತ, ಎಣ್ಣೆ, ಮಣ್ಣು ಅವನ ಬೆರಳ ಸಂದಿಗೆ ಇಳಿಯಿತು. ಹವಳದ ಉಂಗುರ ಅವನ ಬೆರಳಿಗೇ ಕಚ್ಚಿತು.

“ಬಿಡು” ಎಂದ. “ನೋಯ್ತಿದೆ, ಬಿಡು.”

“ಸಿಕ್ಕಿತೇ, ಮೇಡಂ?” ಆಫೀಸರ್ ಮತ್ತೆ ಕೇಳಿದ.

ನಾನು ಇನ್ನೂ ಸ್ವಲ್ಪ ಒತ್ತಿದೆ.